ಶರಣು ಅಂದವರು ಚರ್ಮ ಕೇಳಬಾರದು

ಔರಾದ ತಾಲೂಕಿನಾಗ ನಮ್ಮೂರು. ಊರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಯಾರೋ ಮೋಟಾರ್ ಸೈಕಲ್ ಹತ್ತಿ ಬಂದು ನಮ್ಮ ಆಯಿಯ ಕದ ಬಡಿದಾರು. 2025ರ ಬೇಸಿಗೆಯ ಒಂದು ಸಂಜೆ ಆ ಕದದ ಮುಂದೆ ಎರಡು ಗುಂಪು ಬಂದು ಹೋದವು.

ಮೊದಲು ಬಂದಾತ ಪಟ್ಟಣದ ಉಪದೇಶಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾರು, ಕಾರಿನ ತಲೆಯ ಮೇಲೆ ಲೌಡ್‌ಸ್ಪೀಕರ್. ಇಳಿದವನೇ ಮಾದಿಗೇರಿಯ ನಡುವೆ ನಿಂತು ಮೈಕು ಹಿಡಿದ. ನಿಮ್ಮ ಮರಗವ್ವ ದೆವ್ವ ಅಂದ. ನಿಮ್ಮ ಸತ್ತ ಹಿರಿಯರೆಲ್ಲ ಈಗ ಬೆಂಕಿಯಲ್ಲಿದ್ದಾರೆ ಅಂದ. ನೀವು ಕತ್ತಲೆಯಲ್ಲಿ ಬಿದ್ದ ಜನ, ನಾನು ಬೆಳಕು ತಂದಿದ್ದೇನೆ, ಕೈ ಎತ್ತಿರಿ ಅಂದ. ನಾಲ್ಕು ಕೈ ಎದ್ದವು. ಜೊತೆಗಿದ್ದ ಹುಡುಗ ಮೊಬೈಲಿನಲ್ಲಿ ಫೋಟೋ ಹಿಡಿದ. ಕಾರು ಹೋಯಿತು.

ಕಾರಿನ ಧೂಳು ಕೂರುವ ಮೊದಲೇ ಎರಡನೆಯವರು ಬಂದರು. ನಾಲ್ಕು ಮಂದಿ ಹುಡುಗರು, ಹೆಗಲಿಗೆ ಕೇಸರಿ ಟವೆಲ್ಲು. ಆಯಿ ಹೊಸ್ತಿಲ ಮೇಲೆ ಕೂತಿದ್ದಳು. ಎಂಬತ್ತು ದಾಟಿದ ಹೆಣ್ಣುಮಗಳು. ಅವಳಿಗೆ ಇಪ್ಪತ್ತರ ಹುಡುಗನೊಬ್ಬ ಕೇಳಿದ: "ಏ ಮುದುಕಿ, ಎಷ್ಟು ಕಿಲೋ ಅಕ್ಕಿ ಕೊಟ್ರು?"

ರಾತ್ರಿ ರೊಟ್ಟಿ ಮುರಿಯುತ್ತಾ ಆಯಿ ನನಗೆ ಅಂದಳು: "ಇಬ್ರೂ ನನ್ನ ಮಾರಿ ನೋಡ್ಲಿಲ್ಲ ನೋಡೋ ತಮ್ಮಾ. ಅಂವ ಆಕಾಶ ನೋಡ್ಕೋತ ಮಾತಾಡ್ದ. ಇವ್ರು ನನ್ನ ಅಕ್ಕಿ ಚೀಲ ನೋಡ್ಕೋತ ಮಾತಾಡಿದ್ರು. ಒಬ್ಬರಾರ ಆಯಿ ಉಂಡ್ಯಾ ಅಂತ ಕೇಳಬಾರದಾ?"

ಗೆಳೆಯರೇ, ನಾನು ಈ ಲೇಖನ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ಆಯಿ ದೀಕ್ಷಾಸ್ನಾನ ಪಡೆದವಳು. ನಾನು ಪಡೆದವನಲ್ಲ. ನಮ್ಮ ಮನೆಯಲ್ಲಿ ಮೊದಲ ಸಲ ಬಿ.ಎ. ಓದಿದವನು, ಅಂಬೇಡ್ಕರರನ್ನು ಓದಿ ಕವಿತೆ ಗೀಚಿದವನು, ದೇವರ ವಿಷಯದಲ್ಲಿ ಇನ್ನೂ ಜಗಳ ಮುಗಿಸದವನು. ಆದರೂ ಕ್ರಿಸ್ತನ ಸುದ್ದಿ ಹೇಳುವುದು ಹೇಗೆ ಅನ್ನುವ ವಿಷಯದಲ್ಲಿ ನನಗೆ ಮಾತಾಡುವ ಹಕ್ಕಿದೆ. ಯಾಕೆಂದರೆ ಆ ಸುದ್ದಿ ಹೇಳಿಸಿಕೊಂಡವರು ನಾವು. ಹೇಳುವವರ ಪುಸ್ತಕಗಳು ಬೇಕಾದಷ್ಟಿವೆ. ಹೇಳಿಸಿಕೊಂಡವರದು ಒಂದು ಮಾತೂ ಎಲ್ಲಿಯೂ ಅಚ್ಚಾಗಿಲ್ಲ ಅನ್ನಿಸುತ್ತದೆ ನನಗೆ.

ಮೊದಲು ಒಂದು ಹಳೆಯ ಕತೆ. ನಮ್ಮ ಜಿಲ್ಲೆಯಲ್ಲೇ ಕಲ್ಯಾಣ ಇದೆ. ಶಾಲೆಯಲ್ಲಿ ಎಲ್ಲರೂ ಕೇಳಿದ ಕತೆ ಇದು. ಬೀದಿಯಲ್ಲಿ ಎದುರಾದ ಬಸವಣ್ಣನಿಗೆ ಸಮಗಾರ ಹರಳಯ್ಯ 'ಶರಣು' ಅಂದನಂತೆ. ಬಸವಣ್ಣ ತಿರುಗಿ 'ಶರಣು ಶರಣಾರ್ಥಿ' ಅಂದನಂತೆ. ಒಂದು ಕೊಟ್ಟರೆ ಎರಡು ಬಂತು. ಹರಳಯ್ಯ ಕಂಗಾಲಾದ. ಈ ಸಾಲ ತೀರಿಸುವುದು ಹೇಗೆ? ಗಂಡ ಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮ ಸುಲಿದು ಚಮ್ಮಾವುಗೆ ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ.

ಈ ಕತೆ ಹೇಳುವಾಗ ಮಾಸ್ತರ್ರ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಕಣ್ಣಲ್ಲೂ ಬಂದಿತ್ತು. ದೊಡ್ಡವನಾದ ಮೇಲೆ ಬೇರೆ ಕಾರಣಕ್ಕೆ ಬಂತು. ಬಸವಣ್ಣ ಚರ್ಮ ಕೇಳಿದವನಲ್ಲ, ಅದು ಅವನ ದೊಡ್ಡತನ. ಆದರೆ ಒಂದು ಶರಣು ಹೆಚ್ಚಿಗೆ ಸಿಕ್ಕಿದ್ದಕ್ಕೆ ತೊಡೆಯ ಚರ್ಮ ಕೊಡಬೇಕು ಅಂತ ಹರಳಯ್ಯನಿಗೆ ಅನ್ನಿಸಿತಲ್ಲ! ಅದಕ್ಕೂ ಹಿಂದೆ ಎಷ್ಟು ತಲೆಮಾರು ಅವನ ಕುಲಕ್ಕೆ ಯಾರೂ ಶರಣು ಅಂದಿರಲಿಲ್ಲ ಅನ್ನುವ ಲೆಕ್ಕ ಆ ಚರ್ಮದಲ್ಲಿದೆ. ನಮ್ಮ ಕೇರಿಗೆ ಧರ್ಮ ಹೇಳಲು ಬರುವ ಎಲ್ಲರನ್ನೂ ನಾನು ಈ ಕತೆಯ ಮುಂದೆ ನಿಲ್ಲಿಸುತ್ತೇನೆ. ಸ್ವಾಮಿ, ನೀವು ನಮಗೆ ಅನ್ನುವ ಶರಣು ಬರೀ ಶರಣೋ? ಅಥವಾ ಅದರ ಬೆನ್ನಿಗೆ ಚರ್ಮದ ಬಿಲ್ಲು ಬರುತ್ತದೋ?

ಬೀದರ ಸೀಮೆಯಲ್ಲಿ ಈ ಸುದ್ದಿ ಬಂದ ಬಗೆಯನ್ನು ನೋಡಿ. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಮೆಥೊಡಿಸ್ಟ್ ಮಿಷನ್ ನಿಜಾಮನ ರಾಜ್ಯದ ಬೀದರಿಗೆ ಬಂತು. ಮಂಗಲಪೇಟೆಯ ದೇವಾಲಯ, ಮಿಷನ್ ಆಸ್ಪತ್ರೆ, ಶಾಲೆ ಎಲ್ಲವೂ ಆಮೇಲಿನ ಕತೆ. ಆದರೆ ಹಳ್ಳಿಗಳಿಗೆ ಸುದ್ದಿ ಒಯ್ದವರು ದೊರೆಗಳಲ್ಲ, ದೊರೆಸಾನಿಗಳಲ್ಲ. ಮುಂದೆ ಮೆಥೊಡಿಸ್ಟ್ ಬಿಷಪ್ ಆದ ಪಿಕೆಟ್ ಎಂಬಾತ ಭಾರತದ ಸಾಮೂಹಿಕ ಮತಾಂತರಗಳ ಬಗ್ಗೆ 1933ರಲ್ಲಿ ಒಂದು ದೊಡ್ಡ ಪುಸ್ತಕ ಬರೆದ. ಅವನು ಕಂಡ ಮುಖ್ಯ ಸಂಗತಿ ಇದು: ಜನ ಒಬ್ಬೊಬ್ಬರಾಗಿ ಬರಲಿಲ್ಲ, ಮನೆಮನೆಯಾಗಿ, ಕುಲವಾಗಿ ಬಂದರು; ಸುದ್ದಿ ಹರಿದದ್ದು ನೆಂಟಸ್ತಿಕೆಯ ದಾರಿಯಲ್ಲಿ. ಪುಸ್ತಕ ಓದದ ನಮ್ಮ ಆಯಿಗೆ ಇದು ಗೊತ್ತಿತ್ತು. "ಬೀಗರು ಹೇಳಿದ್ರು, ನಾವು ಕೇಳಿದ್ವಿ" ಅನ್ನುತ್ತಾಳೆ. ಮಗಳನ್ನು ಕೊಟ್ಟ ಮನೆಯವರು, ಸಂತೆಗೆ ಹೋದಾಗ ಸಿಕ್ಕ ಸೋದರಮಾವ, ಬಾಣಂತನಕ್ಕೆ ಬಂದ ಅತ್ತಿಗೆ. ಅವರ ಬಾಯಿಂದ ಬಂದ ಸುದ್ದಿ.

ಆಯಿಯ ತೌರು ಭಾಲ್ಕಿ ತಾಲೂಕು. ಅವಳ ಅಪ್ಪನ ಕಾಲದಲ್ಲಿ ಅವರ ಕೇರಿಗೆ ಒಬ್ಬ ಮಿಷನ್ ಮಾಸ್ತರ ನಡೆದುಕೊಂಡು ಬರುತ್ತಿದ್ದನಂತೆ. ಅವನೂ ಮಾದಿಗನೇ. ನಾಲ್ಕಕ್ಷರ ಕಲಿತಿದ್ದ. ಬಂದವನು ಮೊದಲು ಮಾಡಿದ ಕೆಲಸ ಪ್ರಾರ್ಥನೆಯಲ್ಲ. ಅಂಗಳದಲ್ಲಿ ಕೂತು, ತಂಬಿಗೆ ಕೇಳಿ, ನಮ್ಮ ಕೊಡದ ನೀರು ಕುಡಿದದ್ದು. ಜೋಳದ ರೊಟ್ಟಿ ಪುಂಡಿ ಪಲ್ಯ ಕೊಟ್ಟರೆ ಉಂಡ, ಉಂಡ ತಾಟು ತಾನೇ ತೊಳೆದ. ಆಮೇಲೆ ಆಯಿಯ ಅಪ್ಪನಿಗೆ ಕೇಳಿದ: "ಅಣ್ಣಾ, ಆರಾಮ ಇದ್ದೀರೇನ್ರಿ?"

ಆ 'ರಿ' ಅನ್ನುವ ಒಂದಕ್ಷರ ಎಷ್ಟು ದೊಡ್ಡದು ಅಂತ ಪೇಟೆಯ ಗೆಳೆಯರಿಗೆ ಹೇಳಬೇಕು. ನಮ್ಮ ಹಿರಿಯರ ಹೆಸರುಗಳ ಬಾಲಕ್ಕೆ ಊರು 'ಯಾ' ಹಚ್ಚುತ್ತಿತ್ತು. ಭೀಮ್ಯಾ, ಮಾರ್ಯಾ, ಶಿವ್ಯಾ. ಮೀಸೆ ನೆರೆತ ಮೇಲೂ ಭೀಮ್ಯಾ. ಗೌಡರ ಮನೆಯ ಐದು ವರ್ಷದ ಹುಡುಗ ಕರೆದರೂ ಭೀಮ್ಯಾ. ಬಾ ಅಂದರೆ ಓಡಬೇಕು, ಬಿಟ್ಟಿ ಚಾಕರಿಗೆ ಹೋಗಬೇಕು, ಸತ್ತ ದನ ಎಳೆಯಬೇಕು. ಹಾಗಿರುವಾಗ ಅಕ್ಷರ ಬಲ್ಲವನೊಬ್ಬ ಬಂದು ನೆಲದ ಮೇಲೆ ಸರಿಸಮ ಕೂತು 'ಇದ್ದೀರೇನ್ರಿ' ಅಂದ. ಆಯಿಯ ಅಪ್ಪ ಆವತ್ತು ರಾತ್ರಿ ಮಲಗಲಿಲ್ಲವಂತೆ. ದೇವರ ವಿಷಯಕ್ಕಲ್ಲ, ಆ 'ರಿ' ವಿಷಯಕ್ಕೆ.

ಮಾಸ್ತರನೇ ಏನೂ ಹೇಳಲಿಲ್ಲವಂತೆ ಮೂರು ನಾಲ್ಕು ಸಲ. ಮಕ್ಕಳಿಗೆ ಕಂದೀಲಿನ ಬೆಳಕಲ್ಲಿ ಅಕ್ಷರ ತಿದ್ದಿಸಿ ಹೋಗುತ್ತಿದ್ದ. ನಿಜಾಮನ ಆಳ್ವಿಕೆಯಲ್ಲಿ ಅದೇ ಭಾಲ್ಕಿ ಸೀಮೆಯಲ್ಲಿ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಇಡೀ ಕರ್ನಾಟಕ ನೆನೆಯುತ್ತದೆ, ನೆನೆಯಬೇಕಾದದ್ದೇ. ಕೇರಿಯ ಕಂದೀಲನ್ನು ಯಾರೂ ನೆನೆಯುವುದಿಲ್ಲ. ಅಲ್ಲಿ ಬೋರ್ಡೇ ಇರಲಿಲ್ಲ. ಕಡೆಗೆ ಆಯಿಯ ಅಪ್ಪನೇ ಕೇಳಿದನಂತೆ: "ಮಾಸ್ತರ್ರೇ, ನೀವು ನಮ್ಮಂಥವರೇ. ಆದ್ರ ನಿಮ್ಮ ಬೆನ್ನು ನೆಟ್ಟಗದ. ಎದಕ್ಕ?"

ಕೇಳಿದ ಮೇಲೆ ಹೇಳಿದ.

ಇಲ್ಲಿಗೆ ಸ್ವಲ್ಪ ನಿಲ್ಲುತ್ತೇನೆ. ಸತ್ಯವೇದದಲ್ಲಿ ಪೇತ್ರನ ಹೆಸರಿನ ಮೊದಲ ಪತ್ರ ಇದೆ. ಆಯಿಗೆ ಕಣ್ಣು ಮಂಜಾದ ಮೇಲೆ ಓದಿ ಹೇಳುವ ಕೆಲಸ ನನ್ನದು, ಹಾಗಾಗಿ ಗೊತ್ತು. ಇವತ್ತಿನ ಟರ್ಕಿ ದೇಶ ಇರುವ ಸೀಮೆಯಲ್ಲಿ ಚೆದುರಿಹೋಗಿ ಪರಕೀಯರ ಹಾಗೆ ಬದುಕುತ್ತಿದ್ದ ಜನಕ್ಕೆ ಬರೆದದ್ದು. ಅವರಲ್ಲಿ ಮನೆಯಾಳುಗಳಿದ್ದರು, ಒಡೆಯನಿಂದ ಏಟು ತಿನ್ನುವವರಿದ್ದರು. ಅದರ ಮೂರನೆಯ ಅಧ್ಯಾಯದಲ್ಲಿ ಒಂದು ಮಾತು ಬರುತ್ತದೆ. ಅರ್ಥ ಇಷ್ಟು: ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಏನು ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಲು ಯಾವಾಗಲೂ ತಯಾರಿರಿ, ಆದರೆ ಸೌಮ್ಯವಾಗಿ, ಭಯಭಕ್ತಿಯಿಂದ ಹೇಳಿರಿ. ಪ್ರಚಾರಕ್ಕೆ ಹೋಗುವ ಎಲ್ಲರೂ ಈ ಮಾತನ್ನು ಬಾಯಿಪಾಠ ಮಾಡಿರುತ್ತಾರೆ. 'ತಯಾರಿರಿ' ಅನ್ನುವುದನ್ನು ಗಟ್ಟಿಯಾಗಿ ಹೇಳುತ್ತಾರೆ. 'ಕೇಳಿದರೆ' ಅನ್ನುವುದನ್ನು ನುಂಗಿಬಿಡುತ್ತಾರೆ. 'ಸೌಮ್ಯವಾಗಿ' ಅನ್ನುವುದು ಲೌಡ್‌ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ.

ಮೊದಲು ನಿಮ್ಮಲ್ಲಿ ನಿರೀಕ್ಷೆ ಕಾಣಬೇಕು. ಕಂಡವನು ಕೇಳಬೇಕು. ಕೇಳಿದವನಿಗೆ ಮರ್ಯಾದೆಯಿಂದ ಹೇಳಬೇಕು. ಭಾಲ್ಕಿಯ ಆ ನಡೆದುಬಂದ ಮಾಸ್ತರ ಇದನ್ನು ಅಕ್ಷರಶಃ ಮಾಡಿದ. ನಮ್ಮೂರಿಗೆ ಕಾರಿನಲ್ಲಿ ಬಂದಾತ ಪೂರ್ತಿ ತಲೆಕೆಳಗು ಮಾಡಿದ. ಕೇಳದವರಿಗೆ ಹೇಳಿದ, ಬೈದು ಹೇಳಿದ, ಅವನಲ್ಲಿ ಏನು ನಿರೀಕ್ಷೆ ಇತ್ತೋ ಅದು ನಮಗೆ ಕಾಣಲೂ ಇಲ್ಲ.

ಪತ್ರ ಪೂರ್ತಿ ನನಗೆ ಒಪ್ಪಿಗೆ ಅಂತ ತಿಳಿಯಬೇಡಿ. ಅದೇ ಪತ್ರದ ಎರಡನೆಯ ಅಧ್ಯಾಯ ಆಳುಗಳಿಗೆ ಒಡೆಯರು ಕ್ರೂರಿಗಳಾದರೂ ಅಧೀನರಾಗಿರಿ ಅನ್ನುತ್ತದೆ. ಆ ಪುಟ ಬಂದಾಗ ನಾನು ಓದುವುದನ್ನು ನಿಲ್ಲಿಸಿದ್ದೆ. ಆಯಿ ಅಂದಳು, "ಮುಂದಿಂದು ಓದು. ಅದು ಬರದಾಂವಗ ಗೌಡ್ರು ಗೊತ್ತಿರಲಿಲ್ಲ ಕಾಣ್ತದ." ಆಯಿಗೆ ಇರುವ ವಿಮರ್ಶೆಯ ಬುದ್ಧಿ ನಮ್ಮ ಎಂ.ಎ. ಕ್ಲಾಸಿನಲ್ಲಿ ಇರಲಿಲ್ಲ.

ಇನ್ನು ಆ ಪದ, ನಿರೀಕ್ಷೆ. ಕನ್ನಡ ಸತ್ಯವೇದದ ಜನ ಅದನ್ನು ಭರವಸೆ ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಊರ ಕನ್ನಡದಲ್ಲಿ ಅದಕ್ಕೆ ಕಾಯುವುದು ಅಂತಲೂ ಅರ್ಥ ಇದೆ. ಔರಾದ ಬಸ್‌ಸ್ಟ್ಯಾಂಡಿನಲ್ಲಿ ಕಡೆಯ ಬಸ್ಸಿಗೆ ಕಾದವರಿಗೆ ಎರಡೂ ಅರ್ಥ ಒಟ್ಟಿಗೇ ತಿಳಿಯುತ್ತದೆ. ನಮ್ಮ ಜನಕ್ಕೆ ನಿರೀಕ್ಷೆ ಅಂದರೆ ಸತ್ತ ಮೇಲೆ ಸಿಗುವ ಬಂಗಾರದ ಬೀದಿ ಮಾತ್ರ ಆಗಿರಲಿಲ್ಲ. ಮಗ ದನ ಎಳೆಯಬಾರದು, ಮಗಳನ್ನು ದೇವರಿಗೆ ಬಿಡಬಾರದು, ಹೆರಿಗೆಯಲ್ಲಿ ಸೊಸೆ ಸಾಯಬಾರದು, ಪೋಸ್ಟ್‌ಕಾರ್ಡು ಓದಿಸಲು ಕುಲಕರ್ಣಿಯ ಕಟ್ಟೆಗೆ ಹೋಗಿ ನಿಲ್ಲಬಾರದು. ಇದು ಅವರ ನಿರೀಕ್ಷೆ. ಯೇಸು ಬಡಗಿಯ ಮನೆಯವನು, ಕುಷ್ಠರೋಗಿಯನ್ನು ಮುಟ್ಟಿದವನು, ಊರ ಹೊರಗೆ ಸತ್ತವನು. ಊರ ಹೊರಗೆ ಅನ್ನುವುದು ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಯಿ ಕೈಕಾಲು ಗಟ್ಟಿ ಇರುವ ತನಕ ಪ್ರತಿ ನವೆಂಬರ್ ಧಾರೂರ ಜಾತ್ರೆಗೆ ಹೋಗುತ್ತಿದ್ದಳು. ತೆಲಂಗಾಣದ ವಿಕಾರಾಬಾದ ಸಮೀಪದ ಧಾರೂರಿನಲ್ಲಿ 1923ರಿಂದ ಮೆಥೊಡಿಸ್ಟರು ನಡೆಸುವ ಜಾತ್ರೆ. ತೆಲುಗರು, ಕನ್ನಡದವರು, ಮರಾಠಿಯವರು ಗಂಟು ಕಟ್ಟಿಕೊಂಡು ಬಂದು ಮರದ ಬುಡದಲ್ಲಿ ದಿನಗಟ್ಟಲೆ ಉಳಿಯುತ್ತಾರೆ. ಆಯಿ ಜಾತ್ರೆಯ ಸುದ್ದಿ ಹೇಳುವಾಗ ಉಪದೇಶದ ಒಂದು ಮಾತೂ ಹೇಳುವುದಿಲ್ಲ. "ಅಲ್ಲಿ ಯಾರೂ ನೀ ಯಾರಕಿ ಅಂತ ಕೇಳಂಗಿಲ್ಲ. ಹೊಳಿ ನೀರು ಎಲ್ಲಾರೂ ತುಂಬ್ತಾರ" ಅನ್ನುತ್ತಾಳೆ. ನಮ್ಮೂರ ಬಾವಿ ನೆನೆಸಿಕೊಂಡು ಈ ಮಾತು ಕೇಳಬೇಕು.

ಈಗ ಉಪದೇಶಿಗಳೇ, ನಿಮ್ಮ ಜೊತೆ ನೇರ ಮಾತು. ನಿಮ್ಮಲ್ಲಿ ಎಲ್ಲರೂ ಹಾಗಲ್ಲ. ಸೈಕಲ್ ತುಳಿದು ಬಂದು ರೋಗಿಯ ಕಾಲು ಒತ್ತಿ ಹೋಗುವವರನ್ನೂ ನಾನು ಬಲ್ಲೆ. ಅವರು ಈ ಬೈಗುಳವನ್ನು ಓದದಿದ್ದರೂ ಆದೀತು. ಮಿಕ್ಕವರು ಕೇಳಿ. ನಿಮ್ಮ ಸಾಕ್ಷಿ ಕೂಟಗಳಲ್ಲಿ ನಮ್ಮ ಹೆಂಗಸರನ್ನು ವೇದಿಕೆಗೆ ಹತ್ತಿಸಿ 'ನಾನು ಪಾಪಿ, ಕತ್ತಲೆಯಲ್ಲಿದ್ದೆ, ಹೊಲಸಾಗಿದ್ದೆ' ಅಂತ ಹೇಳಿಸುತ್ತೀರಿ. ಅವಳನ್ನು ಕತ್ತಲೆಯಲ್ಲಿ ಇಟ್ಟವನ ಹೆಸರು ಹೇಳಿಸುವುದಿಲ್ಲ ಯಾಕೆ? ಕೂಲಿ ನುಂಗಿದವನು, ಬಾವಿಗೆ ಬೇಲಿ ಹಾಕಿದವನು, ಅವನ ಪಾಪಕ್ಕೆ ಸಾಕ್ಷಿ ಯಾವಾಗ? ಸಾವಿರಾರು ವರ್ಷ ಹೊಲಸು ಅಂತ ಕರೆಸಿಕೊಂಡವಳಿಂದ ಇನ್ನೊಮ್ಮೆ ಹೊಲಸು ಅನ್ನಿಸುವುದಕ್ಕೆ ನೀವು ಸಮುದ್ರ ದಾಟಿದ ಧರ್ಮ ತರಬೇಕಾಗಿತ್ತೇ?

ಮರಗವ್ವನನ್ನು ದೆವ್ವ ಅನ್ನುತ್ತೀರಿ. ಮರಗವ್ವನ ಹೆಸರಿನಲ್ಲಿ ನಮ್ಮಿಂದ ಕೋಣ ಕಡಿಸಿ, ನಮ್ಮ ಮೈಯಿಂದ ರಕ್ತ ಸುರಿಸಿಕೊಂಡ ವ್ಯವಸ್ಥೆಯ ಬಗ್ಗೆ ನನಗೂ ಸಿಟ್ಟಿದೆ. ಆದರೆ ಮಗು ಸತ್ತಾಗ ನನ್ನ ಮುತ್ತಜ್ಜಿ ಅತ್ತದ್ದು ಆ ಕಲ್ಲಿನ ಮುಂದೆ. ಅವಳಿಗೆ ಬೇರೆ ಯಾರ ಮುಂದೆಯೂ ಅಳಲು ಬಿಟ್ಟಿರಲಿಲ್ಲ. ಆ ಕಲ್ಲಿಗೆ ಉಗುಳುವವನು ಅವಳ ಕಣ್ಣೀರಿಗೂ ಉಗುಳುತ್ತಾನೆ. ಆಯಿ ದೇವಾಲಯಕ್ಕೆ ಹೋಗುವಾಗ ಮರಗವ್ವನ ಗುಡಿ ದಾಟಿಯೇ ಹೋಗಬೇಕು. ಕೈ ಮುಗಿಯುವುದಿಲ್ಲ. ಬೈಯುವುದೂ ಇಲ್ಲ. ಸೆರಗು ಸರಿ ಮಾಡಿಕೊಂಡು ದಾಟುತ್ತಾಳೆ, ಹಳೆಯ ಮನೆಯ ಮುಂದೆ ಹಾಯುವವರ ಹಾಗೆ.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಔರಾದ, ಭಾಲ್ಕಿಯ ಎಷ್ಟೋ ಹಳ್ಳಿಗಳಲ್ಲಿ ಒಂದು ಕೇರಿಯಲ್ಲಿ ಶಿಲುಬೆ, ಪಕ್ಕದ ಕೇರಿಯಲ್ಲಿ ಪಂಚಶೀಲ ಧ್ವಜ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬುದ್ಧನ ಕಡೆ ನಡೆದ ಮೇಲೆ ಮರಾಠವಾಡದಿಂದ ಆ ಗಾಳಿ ಇಲ್ಲಿಗೂ ಬೀಸಿತು. ಎರಡೂ ಕೇರಿಯವರು ಊರು ಬಿಟ್ಟು ಹೊರಟವರೇ. ಒಬ್ಬರು ಒಂದು ದಾರಿ, ಇನ್ನೊಬ್ಬರು ಇನ್ನೊಂದು ದಾರಿ. ಆದರೆ ಉಪದೇಶಿ ಬಂದು ಬುದ್ಧನನ್ನು ಕಲ್ಲು ಅನ್ನುತ್ತಾನೆ, ನಮ್ಮ ಸಂಘಟನೆಯ ಗೆಳೆಯ ಬಂದು ಯೇಸುವನ್ನು ಬಿಳಿಯರ ಏಜೆಂಟು ಅನ್ನುತ್ತಾನೆ. ಗೌಡರ ಕಟ್ಟೆಯ ಮೇಲೆ ನಗು. ಹೊಲೆಯ ಮಾದಿಗರ ನಡುವೆ ಅವರು ಹಾಕಿದ ಗೋಡೆಗೆ ನಾವೇ ಸುಣ್ಣ ಬಳಿಯುತ್ತಿದ್ದೇವೆ.

ಬಾಬಾಸಾಹೇಬರು ಕ್ರೈಸ್ತರ ಬಗ್ಗೆ ಬರೆದದ್ದನ್ನು ಓದಿ. ಅವರು ತೀರಿಹೋದ ಮೇಲೆ ಅವರ ಬರಹಗಳ ಐದನೆಯ ಸಂಪುಟದಲ್ಲಿ ಅಚ್ಚಾಯಿತು. ಮಿಷನ್ನಿನವರ ಶಾಲೆ ಆಸ್ಪತ್ರೆಗಳನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಮತಾಂತರವಾದ ಅಸ್ಪೃಶ್ಯನ ಜಾತಿ ಚರ್ಚಿನೊಳಗೂ ಹೋಗಲಿಲ್ಲ, ಅವನ ಮೇಲಿನ ಅನ್ಯಾಯದ ವಿರುದ್ಧ ಕ್ರೈಸ್ತ ಸಮುದಾಯ ಬೀದಿಗಿಳಿಯಲಿಲ್ಲ ಅಂತ ಕಟುವಾಗಿ ಕೇಳಿದರು. ಆ ಪ್ರಶ್ನೆಗೆ ಈಗಲೂ ಉತ್ತರ ಬಾಕಿ ಇದೆ. ಕಂಬಾಲಪಲ್ಲಿಯಲ್ಲಿ 2000ದಲ್ಲಿ ದಲಿತರನ್ನು ಮನೆಯೊಳಗೆ ಸುಟ್ಟಾಗ ಕರ್ನಾಟಕದ ಎಷ್ಟು ಪ್ರಾರ್ಥನಾ ಮಂದಿರಗಳ ಗಂಟೆ ಬಾರಿಸಿತು? ನಿರೀಕ್ಷೆ ಹಂಚುವವರು ಇದಕ್ಕೂ ಬಾಯಿ ಬಿಡಬೇಕು.

ನಮ್ಮವರನ್ನೂ ಬಿಡುವುದಿಲ್ಲ. ಬೀದರಿನಲ್ಲಿ ಒಂದು ವಿದ್ಯಾರ್ಥಿ ಶಿಬಿರ. ರಾತ್ರಿ ಹಾಡಿನ ಹೊತ್ತು. ಬುದ್ಧನ ಹಾಡು ಆಯಿತು, ಬಸವಣ್ಣನದು ಆಯಿತು, ಕೆಂಬಾವುಟದ್ದು ಆಯಿತು. ನಾನು ಆಯಿಯ ಹಾಡೊಂದನ್ನು ಹಾಡಿದೆ, ದಮಡಿ ಬಡಿದು ಹಾಡುವ ಯೇಸುವಿನ ಹಾಡು. ಎರಡು ನುಡಿ ಆಗುವಷ್ಟರಲ್ಲಿ ಹಿಂದಿನಿಂದ ಯಾರೋ 'ಹಾಲ್ಲೆಲೂಯ' ಅಂತ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗೆಳೆಯರೇ, ಆ ನಗೆಗೆ ನನಗೆ ಈಗಲೂ ನಾಚಿಕೆ. ಅಕ್ಕಿ ಚೀಲ ನೋಡಿ ಮಾತಾಡಿದ ಕೇಸರಿ ಟವೆಲ್ಲಿನ ಹುಡುಗನಿಗೂ ನಮಗೂ ಆವತ್ತು ವ್ಯತ್ಯಾಸ ಏನಿತ್ತು? ಅವನು ಆಯಿಗೆ ಬುದ್ಧಿ ಇಲ್ಲ ಅಂದ. ನಾವು ಅದನ್ನೇ ನಕ್ಕು ಹೇಳಿದೆವು.

ಅಕ್ಕಿಯ ಮಾತಿಗೆ ಬರೋಣ. ಅಕ್ಕಿಗಾಗಿ ಹೋದರು, ಗೋಧಿಗಾಗಿ ಹೋದರು, ಹಾಲಿನ ಪುಡಿಗಾಗಿ ಹೋದರು. ಹೋಗಿದ್ದರೆ ಏನಾಯಿತು? ಹಸಿದವನು ಅನ್ನ ಕಂಡ ಕಡೆ ಹೋದರೆ ಅದು ಅನ್ನ ಇಟ್ಟವನ ತಪ್ಪೋ, ಹಸಿವು ಹುಟ್ಟಿಸಿದವನ ತಪ್ಪೋ? ಮಠದ ದಾಸೋಹ ಪುಣ್ಯ, ದೇವಸ್ಥಾನದ ಪ್ರಸಾದ ಪುಣ್ಯ, ನಾನಕ ಝರಿಯ ಲಂಗರಿನಲ್ಲಿ ಕೂತು ಉಂಡರೆ ಪುಣ್ಯ. ಮಾದಿಗ ಮಿಷನ್ನಿನ ಗಂಜಿ ಕುಡಿದರೆ ಮಾತ್ರ ಆಮಿಷ!

ಈ ತಿರಸ್ಕಾರ ಕಾನೂನೂ ಆಯಿತು. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಅಂತ ಹೆಸರು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಾಯ್ದೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಆ ಕಾಯ್ದೆಯ ಒಂದು ಸಾಲು ನಮ್ಮ ಎದೆಯಿಂದ ಹೋಗುವುದಿಲ್ಲ. ಸಾಮಾನ್ಯ ಮನುಷ್ಯನನ್ನು ಅಕ್ರಮವಾಗಿ ಮತಾಂತರಿಸಿದರೆ ಮೂರರಿಂದ ಐದು ವರ್ಷ ಶಿಕ್ಷೆ. ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಆದರೆ ಮೂರರಿಂದ ಹತ್ತು ವರ್ಷ, 50,000 ರೂಪಾಯಿ ದಂಡ. ಯಾರ ಸಾಲಿನಲ್ಲಿ ನಿಲ್ಲಿಸಿದರು ನೋಡಿ! ಬಿ.ಎ. ಓದಿದ ನಾನು, ಎಂಬತ್ತು ವರ್ಷ ಬಾಳಿದ ಆಯಿ, ಹಾಲು ಕುಡಿಯುವ ಮಗು, ತಲೆ ಕೆಟ್ಟವನು, ಎಲ್ಲರೂ ಒಂದೇ ಸಾಲು. ರಕ್ಷಣೆ ಅನ್ನುತ್ತಾರೆ ಇದಕ್ಕೆ. ಧರ್ಮದ ಶಾಲೆಯ ಪುಕ್ಕಟೆ ಶಿಕ್ಷಣ ಕೂಡ ಅದರ ಪಟ್ಟಿಯಲ್ಲಿ ಆಮಿಷ. ಹಾಗಾದರೆ ಭಾಲ್ಕಿಯ ಕೇರಿಯಲ್ಲಿ ಹೊತ್ತಿದ ಕಂದೀಲೂ ಅಪರಾಧ.

ಸಂವಿಧಾನದ 25ನೆಯ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಇದೆ. 'ಪ್ರಚಾರ' ಅನ್ನುವ ಪದ ಇರಬೇಕೋ ಬೇಡವೋ ಅಂತ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಜೋರು ವಾದ ನಡೆದು ಪದ ಉಳಿಯಿತು. 1977ರಲ್ಲಿ ಸುಪ್ರೀಂ ಕೋರ್ಟು ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಅಂದಿತು. ಆಗಲಿ. ಆದರೆ ಕೇಳಿ, ಯೋಚಿಸಿ, ಬದಲಾಗುವ ಹಕ್ಕು? ಅದು ಕೇಳುವವನದು. ಎಲ್ಲ ವಾದಗಳೂ ಹೇಳುವವನ ಸುತ್ತಲೇ ನಡೆಯುತ್ತವೆ. ಕೇಳುವವನಿಗೆ ಕಿವಿಯ ಹಿಂದೆ ಒಂದು ತಲೆ ಇದೆ ಅನ್ನುವುದು ಯಾರಿಗೂ ನೆನಪಿಲ್ಲ.

ಇನ್ನು ಕಡೆಯ ಚರ್ಮದ ಬಿಲ್ಲು, ಸರ್ಕಾರದ್ದು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಮದ್ರಾಸಿನಲ್ಲಿ ಸೂಸೈ ಅನ್ನುವ ಚಪ್ಪಲಿ ಹೊಲಿಯುವವನೊಬ್ಬ ಇದ್ದ. ರಸ್ತೆ ಬದಿಯ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಾಗ ಇವನಿಗೆ ಕೊಡಲಿಲ್ಲ, ಇವನು ಕ್ರೈಸ್ತ ಅಂತ. ಸುಪ್ರೀಂ ಕೋರ್ಟಿಗೆ ಹೋದ. ಮತಾಂತರದ ಆಚೆಗೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಅನ್ನುವುದಕ್ಕೆ ಸಾಕ್ಷ್ಯ ಸಾಲದು ಅಂತ 1985ರಲ್ಲಿ ಅರ್ಜಿ ಬಿತ್ತು. ಅವನ ಪಕ್ಕದಲ್ಲಿ ಅದೇ ಬಿಸಿಲಲ್ಲಿ ಅದೇ ಚರ್ಮ ಹೊಲಿಯುತ್ತಿದ್ದವರಿಗೆ ನೆರಳು ಸಿಕ್ಕಿತು. ಹರಳಯ್ಯನ ಕುಲದವನೊಬ್ಬನಿಗೆ ಪ್ರಾರ್ಥನೆಯ ಬೆಲೆ ಒಂದು ಪೆಟ್ಟಿಗೆ ಅಂಗಡಿ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಬೇಲಿ ತೆಗೆಯಿರಿ ಅಂತ ವರದಿ ಕೊಟ್ಟಿತು. 2022ರ ಅಕ್ಟೋಬರಿನಲ್ಲಿ ಇದೇ ಪ್ರಶ್ನೆಗೆ ಮತ್ತೊಂದು ಆಯೋಗ ರಚಿಸಿದರು, ನ್ಯಾಯಮೂರ್ತಿ ಬಾಲಕೃಷ್ಣನ್ ಅವರದು.

ನಮ್ಮ ಮನೆಯ ಕತೆ ಇದರಲ್ಲೇ ಸಿಕ್ಕಿಹಾಕಿಕೊಂಡಿದೆ. ಅಪ್ಪ ದೀಕ್ಷಾಸ್ನಾನ ಪಡೆಯಲಿಲ್ಲ, ನಮ್ಮನ್ನೂ ಕಳಿಸಲಿಲ್ಲ. ದೇವರ ಮೇಲಿನ ಸಿಟ್ಟಿಗಲ್ಲ, ಸರ್ಟಿಫಿಕೇಟಿಗಾಗಿ. ನನ್ನ ಹಾಸ್ಟೆಲ್ಲು, ನನ್ನ ಡಿಗ್ರಿ, ತಂಗಿಯ ಸ್ಕಾಲರ್‌ಶಿಪ್ಪು ಎಲ್ಲ ಆ ಒಂದು ಕಾಗದದ ಮೇಲೆ ನಿಂತಿದೆ. ಒಮ್ಮೆ ಒಂದು ಕಚೇರಿಯ ಗುಮಾಸ್ತ ನನ್ನ ಅರ್ಜಿ ಹಿಡಿದು, "ನಿಮ್ಮ ಅಜ್ಜಿ ಚರ್ಚಿಗೆ ಹೋಗ್ತಾಳಂತಲ್ಲ" ಅಂತ ನಕ್ಕ. ಅಪ್ಪ ಆವತ್ತು ಮನೆಗೆ ಬಂದು ಗೋಡೆಯ ಮೇಲಿನ ಯೇಸುವಿನ ಕ್ಯಾಲೆಂಡರು ತೆಗೆದು ಗೋದಿಯ ಡಬ್ಬಿಯ ಹಿಂದೆ ಇಟ್ಟ. ಆಯಿ ಏನೂ ಅನ್ನಲಿಲ್ಲ. ಸಂಜೆ ಡಬ್ಬಿಯ ಕಡೆ ತಿರುಗಿ ಪ್ರಾರ್ಥನೆ ಮಾಡಿದಳು.

ಪೇತ್ರನ ಪತ್ರ ಕೇಳಿದವರಿಗೆ ಉತ್ತರ ಕೊಡಿ ಅನ್ನುತ್ತದೆ. ಆದರೆ ನಮ್ಮನ್ನು ಕೇಳುವವರು ಯಾರು? ಗುಮಾಸ್ತ ಕೇಳುತ್ತಾನೆ. ಟವೆಲ್ಲಿನ ಹುಡುಗ ಕೇಳುತ್ತಾನೆ. ಅವರಿಗೆ ಬೇಕಾದದ್ದು ನಮ್ಮ ನಿರೀಕ್ಷೆಯ ಕಾರಣವಲ್ಲ.

2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಈ ಪತ್ರಿಕೆ ಓದುವ ಎಷ್ಟೋ ಮಾಸ್ತರ್ರು ಮನೆಮನೆ ತಿರುಗಿದ್ದೀರಿ. ಪಟ್ಟಿಯಲ್ಲಿ ಮೊದಲು 'ಮಾದಿಗ ಕ್ರಿಶ್ಚಿಯನ್' ಥರದ ಹೆಸರುಗಳಿದ್ದವು. ಗದ್ದಲ ಎದ್ದು ಅಂಥ 33 ಹೆಸರುಗಳನ್ನು ಆಪ್‌ನಲ್ಲಿ ಕಾಣದ ಹಾಗೆ ಮರೆಮಾಡಿದರು. ನಮ್ಮ ಮನೆಗೆ ಬಂದ ಮಾಸ್ತರ್ರು ಪಕ್ಕದೂರ ಲಿಂಗಾಯತರು. ನೆಟ್‌ವರ್ಕ್ ಸಿಗದೆ ಅಂಗಳದಲ್ಲಿ ಫೋನು ಎತ್ತಿ ಹಿಡಿದು ತಿರುಗಾಡಿ ಸುಸ್ತಾಗಿದ್ದರು. ಆಯಿ, "ಬಿಸಲಾಗ ನಿಂದರಬ್ಯಾಡ್ರಿ ಮಾಸ್ತರ್ರೇ, ಒಳಗ ಬರ್ರಿ, ಚಾ ಕುಡೀರಿ" ಅಂದಳು. ಒಂದು ಗಳಿಗೆ ತಡೆದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು, ಚಾಪೆಯ ಮೇಲೆ ಕೂತರು, ನಮ್ಮ ಕಪ್ಪಿನಲ್ಲೇ ಚಾ ಕುಡಿದರು.

ಫೋನು ಇನ್ನೂ ಸುತ್ತುತ್ತಲೇ ಇತ್ತು. ಡಬ್ಬಿಯ ಹಿಂದಿನ ಕ್ಯಾಲೆಂಡರಿನ ಅಂಚು ಅವರ ಕಣ್ಣಿಗೆ ಬಿತ್ತು. ದನಿ ತಗ್ಗಿಸಿ ಕೇಳಿದರು: "ಆಯಿ, ಇಷ್ಟು ವರ್ಷ ನೀವು ಅಲ್ಲಿಗೆ ಹೋಗ್ತೀರಲ್ರಿ, ಎದಕ್ಕಂತ ಕೇಳಬೌದಾ?"

ಆಯಿ ಕಾಲು ಮಡಿಸಿ ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಅವನ ಹೆಸರು ತೆಗೆದಳು. ತನ್ನ ಅಪ್ಪ, ಆ ನಡೆದುಬಂದ ಮಾಸ್ತರ, ಕೊಡದ ನೀರು, ಕಂದೀಲು, ಧಾರೂರ ಹೊಳೆ. ಹೆರಿಗೆಯಲ್ಲಿ ತಾನು ಸಾಯುವಳಿದ್ದಾಗ ಮಂಗಲಪೇಟೆಯ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕೈ ಹಿಡಿದು ಕೂತಿದ್ದ ನರ್ಸಮ್ಮ. ಮಾಸ್ತರ್ರ ದೇವರ ಬಗ್ಗೆ ಒಂದು ಮಾತು ಆಡಲಿಲ್ಲ. ನಡುವೆ ಒಮ್ಮೆ ನಿಲ್ಲಿಸಿ, "ನಿಮ್ಮ ಮಕ್ಕಳು ಎಷ್ಟು ಮಂದ್ರಿ?" ಅಂತ ಕೇಳಿ ಮುಂದುವರಿಸಿದಳು. ಅವರು ತಲೆ ತಗ್ಗಿಸಿ ಕೇಳಿದರು. ಚಾ ಆರಿತ್ತು.

ಫೋನು ಟಿಣ್ ಅಂದಿತು. ನೆಟ್‌ವರ್ಕ್ ಬಂತು. ಮಾಸ್ತರ್ರು ಕನ್ನಡಕ ಏರಿಸಿ, "ಧರ್ಮ..." ಅಂತ ಓದಿ, ಆಯಿಯನ್ನು ನೋಡಿದರು. ಆಯಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಅಪ್ಪ ನಿಂತಿದ್ದ.

"ನನ್ನ ಮಗಗ ಕೇಳ್ರಿ" ಅಂದಳು.

ಅಪ್ಪ ಅಂಗಳಕ್ಕೆ ಇಳಿದು ಬೀಡಿ ಹಚ್ಚಿದ.